ಅರ್ಧ ಬಿಸ್ಕತ್ತಿನ ಸಂಧಾನ

ದಾಸರಹಳ್ಳಿ

ಬಾಲಿಗೆ ಹೋಗಿ ಬಂದೆ ಎಂದರೆ ನಮ್ಮ ಬೀದಿಯ ಹೆಂಗಸರು ಮೊದಲು ಕೇಳುವುದು, ಅಲ್ಲಿ ಅನ್ನ ಸಿಗುತ್ತಾ ಎಂದು. ಸಿಗುತ್ತದೆ. ಬೆಳಿಗ್ಗೆಯೂ ಅನ್ನ, ಮಧ್ಯಾಹ್ನವೂ ಅನ್ನ, ರಾತ್ರಿಯೂ ಅನ್ನ. ಸಾರು ಮಾತ್ರ ಇಲ್ಲ. ಎರಡನೆಯ ಪ್ರಶ್ನೆ, ರೂಪಳ ಸಂಬಂಧ ಏನಾಯಿತು ಎಂದು. ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಕೋತಿಯ ವಿಷಯವೆಲ್ಲ ಹೇಳಬೇಕಾಗುತ್ತದೆ.

ನಮ್ಮವರ ಹೆಸರು ನಂಜುಂಡಪ್ಪ. ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿದ್ದು ನಿವೃತ್ತರಾದರು. ಅಲ್ಲಿ ಇದ್ದಷ್ಟು ಕಾಲ ಯೂನಿಯನ್ನಿನಲ್ಲೂ ಇದ್ದರು. ಮಗಳು ರೂಪ ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಪರೀಕ್ಷೆ ಮಾಡುತ್ತಾಳೆ. ಹುಡುಗ ಹೇಮಂತ ಜಿಗಣಿಯಲ್ಲಿ ಸೂಪರ್‌ವೈಸರ್. ಹುಡುಗನ ತಂದೆ ಮಾಕಳಿಯ ಗಂಗಣ್ಣನವರಿಗೆ ಪೀಣ್ಯದಲ್ಲಿ ಸ್ವಂತ ಶೆಡ್ಡು. ಕಬ್ಬಿಣದ ಸಾಮಾನಿಗೆ ಪುಡಿಬಣ್ಣ ಹೊಡೆದು ಒಲೆಯಲ್ಲಿಟ್ಟು ಬೇಯಿಸಿಕೊಡುತ್ತಾರೆ. ಜಾತಕ ಕೂಡಿತ್ತು, ಹುಡುಗ ಹುಡುಗಿಯ ಮನಸ್ಸೂ ಕೂಡಿತ್ತು. ತಾಂಬೂಲ ಬದಲಾಯಿಸುವುದೊಂದು ಬಾಕಿ. ಅದು ಆಷಾಢಕ್ಕೆ ಮುಂಚೆ ಆಗಬೇಕು. ಇದಕ್ಕೆ ಮೊದಲು ಎರಡು ಸಂಬಂಧಗಳು ಶ್ರಾವಣದಲ್ಲಿ ನೋಡೋಣ ಎಂದು ಹೋದವು ಹೋದವೇ. ಎಷ್ಟೋ ಶ್ರಾವಣ ಬಂದವು, ಅವರು ಬರಲಿಲ್ಲ.

ಇಷ್ಟರಲ್ಲಿ ಗಂಗಣ್ಣನವರಿಗೆ ಬಣ್ಣದ ಪುಡಿ ಮಾರುವ ಕಂಪನಿಯವರು, ಒಳ್ಳೆಯ ಗಿರಾಕಿ ಎಂದು ಆರು ಜನಕ್ಕೆ ಬಾಲಿ ಪ್ರವಾಸ ಕೊಟ್ಟರು. ಅವರ ಮನೆಯಲ್ಲಿ ಮೂರೇ ಜನ. "ನೀವೂ ಮೂವರು ಬಂದ್ಬುಡಿ, ಬೀಗರು ಬೀಗರು ಒಬ್ರಿಗೊಬ್ರು ಅರ್ಥ ಆಗ್ಬೇಕು" ಎಂದು ಅವರೇ ಕರೆದರು. ದೇವರು ದೊಡ್ಡವನು ಎಂದುಕೊಂಡೆ. ಬೀಗರು ಒಬ್ಬರಿಗೊಬ್ಬರು ಅರ್ಥವಾಗದೇ ಇರುವುದರಲ್ಲಿಯೇ ಎಷ್ಟೊಂದು ಮದುವೆಗಳು ಸುಸೂತ್ರವಾಗಿ ನಡೆಯುತ್ತವೆ ಎಂಬುದು ಆಗ ಹೊಳೆಯಲಿಲ್ಲ.

ನಾವು ಹೊರಡುವ ವಾರದಲ್ಲೇ ಟೀವಿಯಲ್ಲಿ ಆ ಬಾಂಬಿನ ಸುದ್ದಿ ಬಂತು. ಎಲ್ಲಿ, ಎಷ್ಟು ಜನ ಎಂದು ಬರೆಯುವುದಿಲ್ಲ. ನೀವೂ ಅದೇ ಟೀವಿ ನೋಡಿದವರು. ಒಬ್ಬಳು ತಾಯಿ ಒಂಟಿ ಚಪ್ಪಲಿ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು. ನಾನು ದೇವರ ಮನೆಯಲ್ಲಿ ಅವಳ ಹೆಸರು ಗೊತ್ತಿಲ್ಲದೆಯೇ ದೀಪ ಹಚ್ಚಿದೆ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನದಿಂದ ಎಲ್ಲರೂ ಚೆನ್ನಾಗಿ ಉಂಡು ಅಭಿಪ್ರಾಯ ಹೇಳತೊಡಗಿದರು. ನಮ್ಮ ಬಡಾವಣೆಯ ಸಂಘದವರು ತುರ್ತು ಸಭೆ ಸೇರಿ ದೇಶ ಏನು ಮಾಡಬೇಕು ಎಂದು ತೀರ್ಮಾನಿಸಿದರು. ದೇಶ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಆದ್ದರಿಂದ ಕೈಗೆ ಸಿಕ್ಕಿದ್ದನ್ನು ಮಾಡಿದರು: ಹಿಂದಿನ ಬೀದಿಯ ಬಾಡಿಗೆ ಕೋಣೆಗಳಲ್ಲಿರುವ ರಾಯಚೂರಿನ ಗಾರೆ ಕೆಲಸದವರ ಆಧಾರ್ ಕಾರ್ಡುಗಳನ್ನು ಇಸಿದುಕೊಂಡರು. ಅವರು ಅಲ್ಲಿ ನಾಲ್ಕು ವರ್ಷದಿಂದ ಇದ್ದಾರೆ. ಆ ಸಂಘದ ಕಟ್ಟಡ ಕಟ್ಟಿದವರೂ ಅವರೇ.

ದೇವನಹಳ್ಳಿ

ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ ಗಂಗಣ್ಣನವರು ಶುರು ಮಾಡಿದರು. "ಒಡೀಬೇಕು ನಂಜುಂಡಪ್ನೋರೆ. ಮಾತುಗೀತು ಏನೂ ಇಲ್ಲ. ಅವರತ್ರ ಮಾತಾಡಿದ್ರೆ ಅವರಿಗೆ ಮರ್ವಾದಿ ಕೊಟ್ಟಂಗೆ."

"ಹೊಡೆಯೋದಕ್ಕೆ ಮುಂಚೆ ಯಾರು ಅಂತ ಗೊತ್ತಾಗ್ಬೇಕಲ್ಲ ಗಂಗಣ್ಣೋರೆ" ಎಂದರು ನಮ್ಮವರು.

"ಗೊತ್ತು ಮಾಡ್ಕಂಡು ಕೂತ್ರೆ ಅವರು ಇನ್ನೊಂದ್ ಕಡೆ ಇಕ್ಕಿರ್ತಾರೆ."

"ಗೊತ್ತು ಮಾಡ್ಕೊಳ್ದೆ ಹೊಡೆದ್ರೆ ಹೊಸಬರು ಹತ್ತು ಜನ ಹುಟ್ಕೋತಾರೆ."

ನಾನೂ ಬೀಗಿತ್ತಿ ಜಯಮ್ಮನವರೂ ಹಿಂದಿನ ಸೀಟಿನಲ್ಲಿ ಸಾರಿನ ಪುಡಿಗೆ ಧನಿಯ ಎಷ್ಟು ಹಾಕಬೇಕು ಎಂಬುದರ ಬಗ್ಗೆ ಭಿನ್ನಾಭಿಪ್ರಾಯದಲ್ಲಿದ್ದೆವು. ನಮ್ಮದು ಯಲಹಂಕ ದಾಟುವಷ್ಟರಲ್ಲಿ ಬಗೆಹರಿಯಿತು.

ತಪಾಸಣೆಯ ಸಾಲಿನಲ್ಲಿ ಗಂಗಣ್ಣನವರು ಕೈ ಕಟ್ಟಿ ನಿಂತು, "ಇದು ಸಾಲ್ದು, ಒಬ್ಬೊಬ್ರನ್ನೂ ಪೂರ್ತಿ ತಡಕಬೇಕು" ಎಂದು ಮುಂದಿನವರಿಗೂ ಹಿಂದಿನವರಿಗೂ ಹೇಳಿದರು. ಅವರ ಸರದಿ ಬಂದಾಗ ಯಂತ್ರ ಕೂಗಿತು. ಜೇಬಿನಲ್ಲಿ ಬಣ್ಣ ಹೊಡೆಯುವ ಸಾಮಾನು ನೇತುಹಾಕುವ ಕಬ್ಬಿಣದ ಕೊಕ್ಕೆಗಳು, ಒಂದು ಹಿಡಿ. ಶೆಡ್ಡಿನಿಂದ ನೇರ ಮನೆಗೆ, ಮನೆಯಿಂದ ನೇರ ಇಲ್ಲಿಗೆ ಬಂದಿದ್ದರು. ಪೂರ್ತಿ ತಡಕಿದರು. ಹೊರಗೆ ಬಂದಾಗ ಮುಖ ಕೆಂಪಾಗಿತ್ತು. "ನನ್ ಮಕ ನೋಡಿದ್ರೆ ಗೊತ್ತಾಗಲ್ವಾ ಇವ್ರಿಗೆ? ಮಾಕಳೀಲಿ ಯಾರನ್ನ ಬೇಕಾದ್ರೂ ಕೇಳ್ಲಿ" ಎಂದರು. ನಮ್ಮವರು ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.

ನನ್ನ ಚೀಲದಲ್ಲಿ ಶಿವಗಂಗೆಯಿಂದ ತಂದ ವಿಭೂತಿಯ ಪುಡಿ ಇತ್ತು, ಪ್ಲಾಸ್ಟಿಕ್ ಚೀಲದಲ್ಲಿ. ಬಿಳಿ ಪುಡಿ ನೋಡಿ ತಪಾಸಣೆಯ ಹೆಣ್ಣುಮಗಳು ಏನಿದು ಎಂದಳು. ನಾನು ಒಂದು ಚಿಟಿಕೆ ತೆಗೆದು ನನ್ನ ಹಣೆಗೆ ಇಟ್ಟುಕೊಂಡೆ. ಅವಳು ನಕ್ಕು ಬಿಟ್ಟಳು. ಸಣ್ಣ ಉಪಕಾರ, ಆದರೂ ಲೆಕ್ಕಕ್ಕೆ ತೆಗೆದುಕೊಂಡೆ.

ಕೂಟಾ

ಬಾಲಿಯಲ್ಲಿ ಇಳಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ಒಂದು ಪೂಜೆಯನ್ನು ತುಳಿದದ್ದು. ಅಲ್ಲಿ ಪ್ರತಿ ಅಂಗಡಿಯ ಮುಂದೆ ದಿನವೂ ಗರಿಯಿಂದ ಹೆಣೆದ ಅಂಗೈಯಗಲದ ತಟ್ಟೆಯಲ್ಲಿ ಹೂವು, ನಾಲ್ಕು ಕಾಳು ಅನ್ನ, ಊದುಬತ್ತಿ ಇಟ್ಟಿರುತ್ತಾರೆ, ನೆಲದ ಮೇಲೆಯೇ. ಕೆಲವುಗಳಲ್ಲಿ ಬಿಸ್ಕತ್ತು, ಒಂದರಲ್ಲಿ ಸಿಗರೇಟೂ ಇತ್ತು. ನಾನು ಕೆನ್ನೆ ಬಡಿದುಕೊಂಡಿದ್ದನ್ನು ನೋಡಿ ಅಂಗಡಿಯವಳು ಓಡಿ ಬಂದು, ಊದುಬತ್ತಿ ಆರಿದ ಮೇಲೆ ತುಳಿದರೆ ದೋಷವಿಲ್ಲ ಎಂದು ಕೈಸನ್ನೆಯಲ್ಲೇ ತಿಳಿಸಿದಳು. ನಮ್ಮಲ್ಲಿ ರಂಗೋಲಿ ತುಳಿದದ್ದಕ್ಕೆ ಪಕ್ಕದ ಮನೆಯವರು ಒಂದು ವರ್ಷ ಮಾತು ಬಿಟ್ಟದ್ದು ನೆನಪಾಯಿತು.

ನಮ್ಮ ವ್ಯಾನಿನ ಡ್ರೈವರ್ ಹೆಸರು ಕೆಟುಟ್. ಆ ಊರಿನಲ್ಲಿ ನಾಲ್ಕನೆಯ ಮಗು ಹುಟ್ಟಿದರೆ ಆ ಹೆಸರೇ ಇಡುತ್ತಾರಂತೆ. ಹೆಸರು ಹುಡುಕುವ ತಾಪತ್ರಯವಿಲ್ಲ, ಅತ್ತೆ ಸೊಸೆ ಜಗಳವಿಲ್ಲ. ಅವನು ನಮ್ಮನ್ನು ಕೂಟಾ ಎಂಬ ಪೇಟೆಗೆ ಕರೆದುಕೊಂಡು ಹೋದ. ಬಟ್ಟೆ ಅಂಗಡಿ, ಐಸ್‌ಕ್ರೀಂ ಅಂಗಡಿ, ಅರೆಬಟ್ಟೆಯ ಬಿಳಿಯರು. ಇವುಗಳ ನಡುವೆ ಒಂದು ದೊಡ್ಡ ಕಲ್ಲಿನ ಗೋಡೆ, ಅದರ ತುಂಬ ಹೆಸರುಗಳು. ಬಹಳ ವರ್ಷದ ಹಿಂದೆ ಅಲ್ಲಿ ಬಾಂಬು ಸಿಡಿದು ಸತ್ತವರು. ಯಾವ ಯಾವುದೋ ದೇಶದವರು, ರಜೆಗೆಂದು ಬಂದವರು. ನಮ್ಮ ಹಾಗೆ.

ಒಬ್ಬ ವಯಸ್ಸಾದ ಬಿಳಿಯ ಹೆಂಗಸು ಗೋಡೆಯ ಹತ್ತಿರ ನಿಂತು ಒಂದು ಹೆಸರಿನ ಧೂಳನ್ನು ಕರ್ಚೀಫಿನಿಂದ ಒರೆಸುತ್ತಿದ್ದಳು. ನಾನು ಚಪ್ಪಲಿ ಬಿಟ್ಟೆ.

ಗಂಗಣ್ಣನವರು ಕೆಟುಟ್‌ನನ್ನು ಕೇಳಿದರು, "ಆಮೇಲೆ ನಿಮ್ಮೋರು ಏನ್ ಮಾಡಿದ್ರು?" ಹೇಮಂತ ಅದನ್ನು ಇಂಗ್ಲಿಷಿಗೆ ತಿರುಗಿಸಿದ.

ಕೆಟುಟ್ ಹೇಳಿದ್ದು ಇಷ್ಟು: ಊರಿಗೆಲ್ಲ ಶುದ್ಧಿ ಪೂಜೆ ಮಾಡಿದರು. ಪೊಲೀಸರು ಹಿಡಿದರು. ಕೋರ್ಟು ನಡೆಯಿತು. ಕೆಲವರಿಗೆ ಗುಂಡಿಕ್ಕಿ ಮರಣದಂಡನೆಯಾಯಿತು. ಬಹಳ ದಿನ ಪ್ರವಾಸಿಗರು ಬರಲಿಲ್ಲ, ಅವನ ಅಪ್ಪ ಗಾಡಿ ಮಾರಿದ.

"ಕಂಡ್ರಾ, ಗುಂಡಿಕ್ಕಿದ್ರಂತೆ" ಎಂದರು ಗಂಗಣ್ಣನವರು.

"ಕೋರ್ಟು ನಡೀತಂತೆ, ಕೇಳಿಸ್ತಾ" ಎಂದರು ನಮ್ಮವರು.

ಇಬ್ಬರೂ ಒಂದೇ ಮನುಷ್ಯ ಆಡಿದ ನಾಲ್ಕು ಮಾತಿನಲ್ಲಿ ತಮಗೆ ಬೇಕಾದ ಒಂದೊಂದನ್ನು ಆರಿಸಿಕೊಂಡರು. ಶುದ್ಧಿ ಪೂಜೆಯನ್ನೂ ಮಾರಿದ ಗಾಡಿಯನ್ನೂ ಯಾರೂ ಎತ್ತಿಕೊಳ್ಳಲಿಲ್ಲ. ಕೆಟುಟ್ ನಗುತ್ತಾ, ತಮ್ಮ ಮನೆಯಲ್ಲೂ ಇದೇ ಜಗಳ, ಭಾವಮೈದುನ ಹಬ್ಬಕ್ಕೆ ಬಂದಾಗಲೆಲ್ಲ ಆಗುತ್ತದೆ ಎಂದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನಮ್ಮವರು ಮಾತುಕತೆಯ ಮಹತ್ವದ ಬಗ್ಗೆ ಕಾರ್ಖಾನೆಯ ಗೇಟ್ ಮೀಟಿಂಗಿನಲ್ಲಿ ಮಾಡುವಂಥ ಭಾಷಣ ಮಾಡಿದರು. ಗಂಗಣ್ಣನವರು, "ನಿಮ್ಮಂತೋರಿಂದ್ಲೇ ಪೀಣ್ಯದಲ್ಲಿ ಅರ್ಧ ಕಾರ್ಖಾನೆ ಬಾಗಿಲು ಆಕಿದ್ದು" ಎಂದರು. "ಬಾಗಿಲು ಹಾಕೋದು ನಿಮ್ಮಂಥವರಿಗೆ ಅಭ್ಯಾಸ, ಅದಕ್ಕೆ" ಎಂದರು ನಮ್ಮವರು. ಆಗ ನನಗೆ ತಿಳಿಯಿತು. ಇವರಿಬ್ಬರೂ ಭಯೋತ್ಪಾದಕರ ವಿಷಯ ಮಾತಾಡುತ್ತಲೇ ಇರಲಿಲ್ಲ. ಒಬ್ಬರು ಗೇಟಿನ ಒಳಗಡೆ, ಒಬ್ಬರು ಗೇಟಿನ ಹೊರಗಡೆ ನಿಂತು ಜೀವಮಾನವೆಲ್ಲ ಕಂಡದ್ದನ್ನೇ ಇಡೀ ಲೋಕಕ್ಕೆ ಅನ್ವಯಿಸುತ್ತಿದ್ದರು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಕೇಳಿದ್ದರೂ ನನ್ನ ಹತ್ತಿರ ಇರಲಿಲ್ಲ. ಆ ಹೆಂಗಸು ಇನ್ನೂ ಒರೆಸುತ್ತಿದ್ದಳು, ಧೂಳು ಹೋಗಿ ಎಷ್ಟೋ ಹೊತ್ತಾಗಿತ್ತು.

ವ್ಯಾನಿಗೆ ಹತ್ತುವಾಗ ಗಂಗಣ್ಣನವರು ಜಯಮ್ಮನವರಿಗೆ, ನಮಗೂ ಕೇಳಿಸಲಿ ಎಂದೇ, ಹೇಳಿದರು: "ಅಣ್ಣಂಗೆ ಬರೆದಾಕ್ತೀನಿ. ಈ ಸಂಬಂಧ ಬ್ಯಾಡ."

ಅವರ ಅಣ್ಣ ಮಾಗಡಿ ಕಡೆ ಇರುವವರು. ಅವರು ಬಂದು ವೀಳ್ಯ ಮುಟ್ಟದೆ ಆ ಮನೆಯಲ್ಲಿ ಶುಭಕಾರ್ಯವಿಲ್ಲ. ಕಿವಿ ಪೂರ್ತಿ ಹೋಗಿರುವುದರಿಂದ ಏನಿದ್ದರೂ ಅವರಿಗೆ ಮೊಬೈಲಿನಲ್ಲಿ ಬರೆದೇ ತಿಳಿಸಬೇಕು. ಅಣ್ಣನಿಗೆ ಬರೆದ ಮಾತು ರಿಜಿಸ್ಟರ್ ಆದ ಪತ್ರದಂತೆ, ಮತ್ತೆ ತಿದ್ದುವುದಿಲ್ಲ.

ಹೋಟೆಲಿಗೆ ಬಂದ ಮೇಲೆ ರೂಪ ನನ್ನ ಕೋಣೆಗೆ ಬಂದಳು. ಮಂಚದ ತುದಿಯಲ್ಲಿ ಕೂತು, "ಅಮ್ಮಾ, ಇದೂ ಶ್ರಾವಣಕ್ಕಾ?" ಎಂದಳು. ಅಷ್ಟೇ ಕೇಳಿದ್ದು. ನಾನು ಅವಳ ತಲೆಗೆ ಎಣ್ಣೆ ಹಚ್ಚುತ್ತೀನಿ ಬಾ ಎಂದೆ.

ಆ ದಿನವೇ ಹೋಟೆಲಿನ ಇಂಟರ್‌ನೆಟ್ ಕೆಟ್ಟಿತು. ಗಂಗಣ್ಣನವರಿಗೆ ಬರೆಯಲಾಗಲಿಲ್ಲ. ಶಿವಗಂಗೆಯ ಗಂಗಾಧರೇಶ್ವರನಿಗೆ ಇಂಟರ್‌ನೆಟ್ಟಿನ ಮೇಲೂ ಹಿಡಿತವಿದೆ ಎಂದು ನಾನು ನಂಬುತ್ತೇನೆ.

ಉಲುವಾಟು

ಮರುದಿನ ಸಮುದ್ರದ ಮೇಲಿನ ಬಂಡೆಯ ತುದಿಯಲ್ಲಿರುವ ದೇವಸ್ಥಾನಕ್ಕೆ ಹೋದೆವು. ಗಂಡಸರಿಬ್ಬರೂ ಮಾತು ಬಿಟ್ಟಿದ್ದರು. ವ್ಯಾನಿನಲ್ಲಿ ನೀರಿನ ಬಾಟಲಿ ಒಂದು ಕಡೆಯೇ ಇದ್ದರೂ ಇನ್ನೊಂದು ಕಡೆಯವರು ಕೇಳಲಿಲ್ಲ. ಬಾಯಾರಿಕೊಂಡೇ ಇದ್ದರು. ನಾನು ಚಕ್ಕುಲಿ ಡಬ್ಬಿ ಕೊಟ್ಟರೆ ಗಂಗಣ್ಣನವರು, "ನಮಗ್ ನಮ್ ನಿಪ್ಪಟ್ ಐತೆ" ಎಂದರು. ಎರಡು ದೇಶಗಳ ವ್ಯಾಪಾರ ನಿಂತದ್ದು ಪೇಪರಿನಲ್ಲಿ ಓದಿದ್ದೆ, ಪಕ್ಕದಲ್ಲಿ ಕೂತು ನೋಡಿದ್ದು ಅದೇ ಮೊದಲು.

ಗುಡಿಗೆ ಹೋಗುವವರು ಸೊಂಟಕ್ಕೆ ಲುಂಗಿಯಂಥ ಬಟ್ಟೆ, ಮೇಲೊಂದು ನಡುಪಟ್ಟಿ ಕಟ್ಟಿಕೊಳ್ಳಬೇಕು. ನನಗದು ಹಿಡಿಸಿತು. ಕೆಟುಟ್ ಇನ್ನೊಂದು ಎಚ್ಚರಿಕೆ ಹೇಳಿದ: ಇಲ್ಲಿನ ಕೋತಿಗಳು ಕನ್ನಡಕ, ಟೋಪಿ, ಮೊಬೈಲು ಕಿತ್ತುಕೊಳ್ಳುತ್ತವೆ, ತಿನ್ನಲು ಕೊಟ್ಟರೆ ಮಾತ್ರ ವಾಪಸ್ ಕೊಡುತ್ತವೆ, ಕನ್ನಡಕ ತೆಗೆದು ಜೇಬಿನಲ್ಲಿಡಿ.

ನಮ್ಮ ಶಿವಗಂಗೆಯ ಕೋತಿಗಳು ತೆಂಗಿನಕಾಯಿ ಚೀಲ ಕಿತ್ತುಕೊಂಡರೆ ಅಲ್ಲಿಗೆ ಮುಗಿಯಿತು. ವಾಪಸ್ ಕೊಟ್ಟು ವ್ಯಾಪಾರ ಮಾಡುವ ಬುದ್ಧಿ ಅವಕ್ಕಿಲ್ಲ. ಪಾಪ, ಸಾದಾ ಕಳ್ಳರು.

ಎಲ್ಲರೂ ಕನ್ನಡಕ ತೆಗೆದೆವು, ಗಂಗಣ್ಣನವರನ್ನು ಬಿಟ್ಟು. ಅವರದು ಆಪರೇಷನ್ ಆದ ಕಣ್ಣು, ದಪ್ಪ ಗಾಜು. ತೆಗೆದರೆ ಎದುರಿನವರು ಮನುಷ್ಯರೋ ಕಂಬವೋ ತಿಳಿಯುವುದಿಲ್ಲ. ಆದರೆ ಅವರು ಹೇಳಿದ ಕಾರಣ ಅದಲ್ಲ. "ಕೋತಿಗೆ ಎದರ್ಕಂಡು ನಾನು ಕನ್ನಡಕ ತೆಗುದ್ರೆ ಅವು ಗೆದ್ದಂಗೆ. ನಾನ್ ಎಂಗಿದ್ನೋ ಅಂಗೇ ಇರ್ತೀನಿ" ಎಂದರು.

ರೂಪ ಹೇಮಂತ ಮುಂದೆ ಹೋಗಿದ್ದರು. ನಾವು ನಾಲ್ವರು ಗೋಡೆ ಪಕ್ಕದಲ್ಲಿ ನಡೆಯುತ್ತಿದ್ದೆವು. ಹಿಂದಿನಿಂದ ಒಂದು ಕೋತಿ ಗಂಗಣ್ಣನವರ ಹೆಗಲ ಮೇಲೆ ಕೈಯಿಟ್ಟಿತು, ಪರಿಚಯದವರ ಹಾಗೆ. ಅವರು ತಿರುಗುವಷ್ಟರಲ್ಲಿ ಅದು ಗೋಡೆಯ ಮೇಲಿತ್ತು, ಕನ್ನಡಕ ಅದರ ಕೈಯಲ್ಲಿತ್ತು. ಓಡಿಹೋಗಲಿಲ್ಲ. ಕೂತು ನಮ್ಮನ್ನು ನೋಡಿತು. ದೇವಸ್ಥಾನದ ಕಾವಲಿನವರು ದೂರದಲ್ಲಿ ಯಾರದೋ ಚಪ್ಪಲಿ ಬಿಡಿಸುವ ಕೆಲಸದಲ್ಲಿದ್ದರು.

"ಯಾರೂ ಏನೂ ಕೊಡ್ಬ್ಯಾಡಿ" ಎಂದರು ಗಂಗಣ್ಣನವರು. "ಕುರುಡನಾಗೇ ಮನೆಗೋಗ್ತೀನಿ. ಒಂದ್ ಕಾಳು ಕೊಡಂಗಿಲ್ಲ."

"ಒಂದ್ ಬಾಳೆಹಣ್ಣು ಬಿಸಾಕ್ರಿ ಅತ್ಲಾಗೆ" ಎಂದರು ಜಯಮ್ಮನವರು. ಹೆಂಗಸರ ಮಾತನ್ನು ಅಂತಾರಾಷ್ಟ್ರೀಯ ವಿಷಯಗಳಲ್ಲಿ ಯಾರೂ ಕೇಳುವುದಿಲ್ಲ.

ನಮ್ಮವರು ಮುಂದೆ ಬಂದರು. ಅವರ ಮುಖದಲ್ಲಿ ಎಷ್ಟೋ ವರ್ಷದ ಮೇಲೆ ಒಂದು ಕಳೆ ಬಂದಿತ್ತು. ಮಾತುಕತೆಗೆ ಕೂರುವಾಗಿನ ಕಳೆ. ಜೇಬಿನಿಂದ ಬಿಸ್ಕತ್ ಪೊಟ್ಟಣ ತೆಗೆದರು. ಒಂದು ಬಿಸ್ಕತ್ತು ತೆಗೆದು, ಅದನ್ನು ಎರಡು ತುಂಡು ಮಾಡಿ, ಅರ್ಧ ಮುಂದಿಟ್ಟರು.

"ಪೂರ್ತಿ ಕೊಡ್ರೀ" ಎಂದೆ.

"ನೀನ್ ಸುಮ್ನಿರು. ಮೊದಲ್ನೇ ಸಲ ಕಡಿಮೆಯಿಂದಲೇ ಶುರು ಮಾಡ್ಬೇಕು. ಆಮೇಲೆ ಏರಿಸ್ಬಹುದು, ಇಳಿಸೋಕಾಗಲ್ಲ."

ಕೋತಿ ಅರ್ಧ ಬಿಸ್ಕತ್ತು ತಿಂದಿತು. ಇನ್ನರ್ಧ ಎಲ್ಲಿ ಎಂದು ನೋಡಿತು. ಅದು ನಮ್ಮವರ ಕೈಯಲ್ಲೇ ಇತ್ತು. ಕೋತಿ ಬೇಸರದಿಂದ ಕನ್ನಡಕದ ಒಂದು ಕಡ್ಡಿಯನ್ನು ಕಚ್ಚಿ ಮುರಿಯಿತು. ಕಾರ್ಮಿಕ ಕಾಯ್ದೆಯಲ್ಲಿ ಇದಕ್ಕೆ ಏನು ಹೇಳುತ್ತಾರೋ. ನಮ್ಮವರು ಗಾಬರಿಯಾಗಿ ಒಂದು ಪೂರ್ತಿ ಬಿಸ್ಕತ್ತಿಗೆ ಏರಿಸುವಷ್ಟರಲ್ಲಿ ಎಡಗಡೆಯಿಂದ ಇನ್ನೊಂದು ಕೋತಿ ಬಂದು ಪೊಟ್ಟಣವನ್ನೇ ತೆಗೆದುಕೊಂಡು ಹೋಯಿತು. ಮೂರನೆಯದು ಅವರ ಜೇಬಿನ ಪೆನ್ನು ತೆಗೆದುಕೊಂಡಿತು.

"ಕಂಡ್ರಾ, ಒಬ್ಬಂಗ್ ಕೊಟ್ರೆ ಮೂರ್ ಜನ ಬತ್ತಾರೆ" ಎಂದರು ಗಂಗಣ್ಣನವರು. ಅವರಿಗೆ ಏನೂ ಕಾಣುತ್ತಿರಲಿಲ್ಲ. ಆದರ್ಶಕ್ಕೆ ಕಣ್ಣು ಬೇಕಾಗುವುದಿಲ್ಲ. ಕೈಯಲ್ಲಿದ್ದ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು, "ನಿಂಗೈತೆ ಇವತ್ತು" ಎಂದು ಮುಂದೆ ನುಗ್ಗಿದರು. ನುಗ್ಗಿದ್ದು ಕನ್ನಡಕದ ಕೋತಿಯ ಕಡೆಗಲ್ಲ. ಮರದ ಬುಡದಲ್ಲಿ ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಕೂತಿದ್ದ ತಾಯಿಕೋತಿಯ ಕಡೆಗೆ. ಅದರ ಕೈಯಲ್ಲಿ ಏನೂ ಇರಲಿಲ್ಲ.

ಕೊಡೆ ಮೇಲೆದ್ದಿತ್ತು. ನಮ್ಮವರು ಓಡಿಹೋಗಿ ಅವರ ಮಣಿಕಟ್ಟು ಹಿಡಿದುಕೊಂಡರು. ಸುತ್ತಲಿನ ಕೋತಿಗಳೆಲ್ಲ ಹಲ್ಲು ಕಿಸಿದು ನಿಂತವು. ಜಯಮ್ಮನವರು ನನ್ನ ಸೆರಗು ಹಿಡಿದುಕೊಂಡರು, ನಾನು ಆಂಜನೇಯನನ್ನು ಹಿಡಿದುಕೊಂಡೆ. ಈ ಗಲಾಟೆಗೆ ಬೆದರಿ ಕನ್ನಡಕದ ಕೋತಿ ಗೋಡೆಯಿಂದ ಹಾರಿತು. ಹಾರುವಾಗ ಕೈ ಬಿಟ್ಟಿತು. ಕನ್ನಡಕ ಬಂಡೆಯ ಆಚೆ ಹೋಯಿತು. ಅಷ್ಟು ಎತ್ತರದಿಂದ ಸಮುದ್ರಕ್ಕೆ ಬಿದ್ದ ಕನ್ನಡಕದ ಸದ್ದು ಕೇಳುವುದಿಲ್ಲ.

"ನೀವು ಕೊಟ್ಟಿದ್ದಕ್ಕೆ ಇಂಗಾಗಿದ್ದು" ಎಂದರು ಒಬ್ಬರು. "ನೀವು ಎತ್ತಿದ್ದಕ್ಕೆ" ಎಂದರು ಇನ್ನೊಬ್ಬರು. ಅಷ್ಟು ಹೊತ್ತಿಗೆ ಕಾವಲಿನವರು ಬಂದು ನಮ್ಮ ಗಂಡಸರಿಬ್ಬರನ್ನೂ ಗದರಿಸಿದರು, ಕೋತಿಗಳಿಗೆ ಹಣ್ಣು ಕೊಟ್ಟು ಸಮಾಧಾನ ಮಾಡಿದರು.

ಇಳಿಯುವ ದಾರಿಯ ತುಂಬ ಮೆಟ್ಟಿಲು. ಜಯಮ್ಮನವರ ಮಂಡಿ ನೋವಿಗೆ ನಾನೇ ಆಸರೆ. ಗಂಗಣ್ಣನವರಿಗೆ ಉಳಿದವರು ಒಬ್ಬರೇ. ನಮ್ಮವರು ಹೋಗಿ ಅವರ ರಟ್ಟೆ ಹಿಡಿದರು. "ಮೆಟ್ಲು. ಸಣ್ಣದು. ಈಗ ಎತ್ತರದ್ದು. ಇಲ್ಲಿ ಪಾಚಿ ಇದೆ." ಕೆಳಗೆ ಬರುವ ತನಕ ಇಷ್ಟೇ ಮಾತು. ಗಂಗಣ್ಣನವರು ಕೈ ಬಿಡಿಸಿಕೊಳ್ಳಲಿಲ್ಲ.

ಹೋಟೆಲಿನ ಜಗಲಿ

ಗಂಗಣ್ಣನವರ ದಪ್ಪ ಗಾಜು ಮಾಡಿಕೊಡಲು ಕನ್ನಡಕದ ಅಂಗಡಿಯವರು ಕೇಳಿದ ಗಡುವಿಗೆ ಮುಂಚೆಯೇ ನಮ್ಮ ವಿಮಾನವಿತ್ತು. ಕೊನೆಯ ದಿನ ಬೆಳಿಗ್ಗೆ ಇಂಟರ್‌ನೆಟ್ ಬಂತು. ದೇವರು ಎಲ್ಲ ದಿನವೂ ಒಂದೇ ಕೆಲಸ ಮಾಡುವುದಿಲ್ಲ.

ಗಂಗಣ್ಣನವರು ಮೊಬೈಲನ್ನು ಮೂಗಿಗೆ ತಾಗಿಸಿ ನೋಡಿದರು, ದೂರ ಹಿಡಿದು ನೋಡಿದರು. ಆಗಲಿಲ್ಲ. ಮಗನನ್ನು ಕರೆದರು. ಹೇಮಂತ, "ಅಪ್ಪಾ, ಬೇರೆ ಏನ್ ಬೇಕಾದ್ರೂ ಬರೀತೀನಿ. ಅದೊಂದು ನನ್ನ ಕೈಲಾಗಲ್ಲ" ಎಂದು ತಲೆ ತಗ್ಗಿಸಿ ಹೊರಟುಹೋದ. ಜಯಮ್ಮನವರನ್ನು ಕೇಳಿದರು. "ನಂಗೂ ಆಗಕಿಲ್ಲ, ನೀವೇ ಮಾಡ್ಕಳಿ" ಎಂದು ಅವರು ಸೀರೆ ಮಡಿಸುವುದನ್ನು ಮುಂದುವರಿಸಿದರು.

ಜಗಲಿಯಲ್ಲಿ ಉಳಿದವರು ನಮ್ಮವರು, ಮತ್ತು ಕಾಫಿ ಎಂದು ಅಲ್ಲಿ ಕೊಡುವ ಕರೀ ನೀರನ್ನು ಹಿಡಿದುಕೊಂಡ ನಾನು.

"ನಂಜುಂಡಪ್ನೋರೆ, ಮೊಬೈಲಲ್ಲಿ ಕನ್ನಡ ಬರಿಯಾಕೆ ಬತ್ತದಾ?"

"ಬರತ್ತೆ."

"ಅಂಗಾರೆ ಬರ್ಕಳಿ. ನಮ್ಮಣ್ಣಂಗೆ."

ನಮ್ಮವರು ಮೊಬೈಲು ತೆಗೆದುಕೊಂಡು ಕನ್ನಡಕ ಏರಿಸಿದರು. ಯೂನಿಯನ್ ಸಭೆಗಳಲ್ಲಿ ಮ್ಯಾನೇಜ್‌ಮೆಂಟಿನವರು ಹೇಳಿದ್ದನ್ನೂ ತಮ್ಮವರು ಹೇಳಿದ್ದನ್ನೂ ಬರೆದುಕೊಂಡು ಓದಿ ಹೇಳುತ್ತಿದ್ದವರು ಅವರೇ. ಆ ದನಿಯಲ್ಲಿ "ಹೇಳಿ" ಎಂದರು.

"ಅಣ್ಣಾ, ನಾವೆಲ್ಲಾ ಕ್ಷೇಮ. ಉಡುಗಿ ಒಳ್ಳೇಳು. ಆದ್ರೆ ಈ ಸಂಬಂಧ ಬ್ಯಾಡ."

ಬರೆದರು. "ಕಾರಣ?"

"ಕಾರಣ ಯಾಕೆ?"

"ಕಾರಣ ಇಲ್ದೆ ಬಿಟ್ರೆ ಹುಡುಗೀಲೇ ಏನೋ ಇದೆ ಅನ್ಕೋತಾರೆ. ಅವಳ ಮೇಲೆ ಬರಬಾರ್ದು."

"ಅದು ಸರಿ. ಎಣ್ಮಗೀನ್ ಮೇಲೆ ಬರಬಾರ್ದು. ಉಡುಗೀ ಅಪ್ಪ ಸರಿ ಇಲ್ಲ ಅಂತ ಆಕಿ."

"ಹಾಕ್ದೆ. ಸರಿ ಇಲ್ಲ ಅಂದ್ರೆ ಕುಡೀತಾನಾ, ಜೂಜಾ, ಏನು ಅಂತಾರೆ."

"ದೇಸದ ಇಸ್ಯದಲ್ಲಿ ಮೆತ್ತಗೆ ಅಂತ ಆಕಿ."

ನಮ್ಮವರು ಬರೆದು ಓದಿದರು: "ಅಣ್ಣಾ, ನಾವೆಲ್ಲ ಕ್ಷೇಮ. ಹುಡುಗಿ ಒಳ್ಳೆಯವಳು. ಹುಡುಗಿಯ ಅಪ್ಪ ಕುಡಿಯುವುದಿಲ್ಲ, ಜೂಜಾಡುವುದಿಲ್ಲ. ದೇಶದ ವಿಷಯದಲ್ಲಿ ಮೆತ್ತಗೆ. ಆದ್ದರಿಂದ ಈ ಸಂಬಂಧ ಬೇಡ."

"ಕುಡಿಯಲ್ಲ ಅಂತ ನಾನೆಲ್ ಏಳ್ದೆ?"

"ಹೇಳ್ಲಿಲ್ಲ. ಅಳಿಸ್ಲಾ?"

"ಇರ್ಲಿ ಬುಡಿ. ಸುಳ್ಳಲ್ವಲ್ಲ." ಆಮೇಲೆ, "ಕೋತಿಗೆ ಅರ್ಧ ಬಿಸ್ಕತ್ ಕೊಟ್ಟು ನನ್ ಕನ್ನಡಕ ಕಳೆದ ಅಂತಾನೂ ಸೇರ್ಸಿ" ಎಂದರು.

"ಸೇರಿಸ್ತೀನಿ. ನೀವು ಬೇರೆ ಕೋತಿಗೆ ಕೊಡೆ ಎತ್ತಿದ್ದೂ ಸೇರಿಸ್ಬೇಕಾಗತ್ತೆ. ಒಂದೇ ಕಡೇದು ಬರೆದ್ರೆ ಅದು ವರದಿ ಅಲ್ಲ, ಚಾಡಿ."

"ಬೇರೆ ಕೋತಿನಾ?"

ಆಗಲೇ ನನಗೆ ಗೊತ್ತಾದದ್ದು, ಆ ವಿಷಯವನ್ನು ಅವರಿಗೆ ಯಾರೂ ಹೇಳಿರಲಿಲ್ಲ ಎಂದು.

"ಬೇರೆ ಕೋತಿನೇ. ಮರಿ ಕಟ್ಕೊಂಡಿದ್ದ ತಾಯಿ. ಅದರ ಹತ್ರ ಏನೂ ಇರ್ಲಿಲ್ಲ."

ಗಂಗಣ್ಣನವರು ಎದುರಿಗೆ ನೋಡುತ್ತಾ ಕೂತರು. ಎದುರಿಗೆ ಏನಿದೆ ಎಂದು ಅವರಿಗೆ ಕಾಣುತ್ತಿರಲಿಲ್ಲ. "ಮತ್ ಅವತ್ತೇ ಯಾಕ್ ಏಳ್ಲಿಲ್ಲ ನೀವು? ಅಷ್ಟು ಮೆಟ್ಲು ಇಳ್ಸುದ್ರಿ, ಅದೊಂದ್ ಮಾತು ಆಡ್ಲಿಲ್ಲ" ಎಂದರು.

"ಮೆಟ್ಲು ಇಳೀವಾಗ ಅದನ್ನ ಹೇಳಿದ್ರೆ ನೀವು ಕೈ ಬಿಡಿಸ್ಕೋತಿದ್ರಿ."

"ನಾನಾಗಿದ್ರೆ ಏಳ್ಬುಡ್ತಿದ್ದೆ" ಎಂದರು ಗಂಗಣ್ಣನವರು. "ಕಂಡೋರ್‌ಗೆಲ್ಲಾ ಏಳ್ತಿದ್ದೆ." ಆಮೇಲೆ, "ಅಳ್ಸಿ" ಎಂದರು.

"ಯಾವುದನ್ನ?"

"ಸಂಬಂಧ ಬ್ಯಾಡ ಅನ್ನೋದನ್ನ."

"ಮೆತ್ತಗೆ ಅನ್ನೋದು?"

"ಅದಿರ್ಲಿ. ಅದು ನಿಜ. ಬುಧವಾರ ವೀಳ್ಯ, ತಪ್ಪದೆ ಬಾ ಅಂತ ಆಕಿ."

ನಮ್ಮವರು ಮೆತ್ತಗೆ ಎಂಬುದನ್ನು ಬಿಡದೆ, ಒಂದಕ್ಷರ ತಿದ್ದದೆ, ಕೋತಿಯ ಎರಡೂ ಸಂಗತಿ ಸೇರಿಸಿ ಕಳಿಸಿದರು. ನಾನು ಆ ಕರೀ ನೀರನ್ನು ಒಂದೇ ಗುಟುಕಿಗೆ ಕುಡಿದೆ. ಅಷ್ಟು ಒಳ್ಳೆಯ ಕಾಫಿಯನ್ನು ಆ ದೇಶದಲ್ಲಿ ನಾನು ಕುಡಿದಿರಲಿಲ್ಲ. ಜಯಮ್ಮನವರು ಒಳಗಿನಿಂದ ಬಂದು, "ಮುಗೀತಾ ನಿಮ್ ಮೀಟಿಂಗು?" ಎಂದು ಕೇಳಿ ನನ್ನ ಕೈಗೆ ನಿಪ್ಪಟ್ಟು ಕೊಟ್ಟರು.

ವಿಮಾನ ನಿಲ್ದಾಣ

ಅಣ್ಣನ ಉತ್ತರ ನಾವು ಸಾಲಿನಲ್ಲಿ ನಿಂತಿದ್ದಾಗ ಬಂತು. ನಮ್ಮವರೇ ಓದಬೇಕಾಯಿತು. ಬುಧವಾರ ಬರುತ್ತೇನೆ, ಎಲೆ ಅಡಿಕೆ ನಾನೇ ತರುತ್ತೇನೆ ಎಂದು ಮೊದಲ ಸಾಲು. ರೂಪ ಹೇಮಂತನ ಕಡೆ ನೋಡಲಿಲ್ಲ. ಅವಳ ಚೀಲ ಯಾವಾಗ ಅವನ ಹೆಗಲಿಗೆ ಹೋಯಿತೋ ನಾನೂ ನೋಡಲಿಲ್ಲ.

ಆದರೆ ಉತ್ತರ ಅಲ್ಲಿಗೆ ಮುಗಿಯಲಿಲ್ಲ. ದೇಶದ ವಿಷಯ ಎಂದು ಬರೆದದ್ದನ್ನು ನೋಡಿ ಅಣ್ಣನವರಿಗೂ ಅಭಿಪ್ರಾಯ ಬಂದಿತ್ತು. ಹೊಡೆಯುವುದೂ ಬೇಡ, ಮಾತಾಡುವುದೂ ಬೇಡ, ಗಡಿ ಉದ್ದಕ್ಕೂ ತಂತಿ ಬೇಲಿ ಹಾಕಿ ಕರೆಂಟು ಬಿಟ್ಟರೆ ಸಾಕು. ನನ್ನ ಹೊಲಕ್ಕೆ ಹಂದಿ ಬರುವುದು ಹಾಗೇ ನಿಂತದ್ದು ಎಂದು ಅವರು ವಿವರವಾಗಿ ಬರೆದಿದ್ದರು.

"ಬೇಲಿಯಂತೆ" ಎಂದರು ಗಂಗಣ್ಣನವರು. "ಇವ್ನಿಗೇನ್ ಗೊತ್ತು. ಕರೆಂಟ್ ಓದಾಗ ಏನ್ ಮಾಡ್ತಾನಂತೆ?"

"ಅದೇ ನಾನೂ ಕೇಳೋದು. ಮಾಗಡೀಲಿ ದಿನಾ ಹೋಗತ್ತಲ್ಲ" ಎಂದರು ನಮ್ಮವರು.

"ಮೊದ್ಲಿಂದ್ಲೂ ಇಂಗೇ ಅವ್ನು. ಏನೂ ತಿಳ್ಕಳಲ್ಲ, ಮಾತ್ ಮಾತ್ರ ಆಡ್ತಾನೆ."

"ಮೆಟ್ಲು. ಎತ್ತರದ್ದು" ಎಂದರು ನಮ್ಮವರು.

ಇಬ್ಬರೂ ರಟ್ಟೆ ಹಿಡಿದುಕೊಂಡು, ಅಲ್ಲಿಲ್ಲದ ಅಣ್ಣನನ್ನು ಬೈಯುತ್ತಾ, ವಿಮಾನದ ಬಾಗಿಲಿನವರೆಗೂ ಹೋದರು. ಹಿಂದೆ ನಾನು ಮತ್ತು ಜಯಮ್ಮನವರು, ಎರಡೂ ಮನೆಯ ಸಾಮಾನು ಹೊತ್ತುಕೊಂಡು.